ಹೊಸತು ಮಾಡಿದರೆ ಉಳಿಸಿದಂತಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಹಳೆಯ ಗುಡಿಯ ಮುಂದೆ ನಿಂತು ಊರಿನವರು ಹೆಮ್ಮೆಯಿಂದ ಹೇಳುವ ಮಾತು ಒಂದೇ: "ತುಂಬಾ ಹಾಳಾಗಿತ್ತು ಸ್ವಾಮಿ, ಈಗ ಎಲ್ಲಾ ಹೊಸದು ಮಾಡಿಸಿದೀವಿ." ಹೊಸದು ಎಂದರೆ ಏನೆಂಬುದು ಒಳಗೆ ಕಾಲಿಟ್ಟರೆ ತಿಳಿಯುತ್ತದೆ. ನವರಂಗದ ಕಲ್ಲುಹಾಸಿನ ಮೇಲೆ ನುಣುಪು ಟೈಲ್ಸ್. ಕಂಬಗಳಿಗೆ ಹಳದಿ, ನೀಲಿ, ಗುಲಾಬಿ ಎನಾಮಲ್ ಬಣ್ಣ. ಚಾವಣಿಯ ಮೇಲೆ ಸಿಮೆಂಟ್ ಕಾಂಕ್ರೀಟು. ಎದುರಿಗೆ ಕಬ್ಬಿಣದ ಶೀಟಿನ ಚಪ್ಪರ. ಅಂಗಳದಲ್ಲಿದ್ದ ವೀರಗಲ್ಲು ಕಾಂಪೌಂಡಿನ ಬುನಾದಿ ಸೇರಿರುತ್ತದೆ, ಇಲ್ಲವೇ ಬಣ್ಣ ಬಳಿಸಿಕೊಂಡು ಮೂಲೆಯಲ್ಲಿ ಒರಗಿರುತ್ತದೆ. ದಾನಿಗಳ ಹೆಸರು ಹೊತ್ತ ಕಪ್ಪು ಗ್ರಾನೈಟ್ ಫಲಕ ಬಾಗಿಲಲ್ಲೇ ಇರುತ್ತದೆ.

ಇದನ್ನು ಜೀರ್ಣೋದ್ಧಾರ ಎಂದು ಕರೆಯುತ್ತೇವೆ. ಹಳೆಯದು ಹೊಸದಾಗಿ ಕಂಡರೆ ಅದು ಉಳಿಯಿತು ಎಂಬ ನಂಬಿಕೆ ಇಂದು ಎಲ್ಲರದೂ ಆಗಿದೆ. ಟ್ರಸ್ಟಿನವರು ಹಾಗೆ ನಂಬಿದ್ದಾರೆ, ಅನುದಾನ ಕೊಡಿಸುವ ಜನಪ್ರತಿನಿಧಿ ಹಾಗೆ ನಂಬಿದ್ದಾರೆ, ಟೆಂಡರ್ ಹಿಡಿದ ಕಂಟ್ರಾಕ್ಟರ್ ಹಾಗೆ ನಂಬಿದ್ದಾರೆ, ಉದ್ಘಾಟನೆಯ ಸುದ್ದಿ ಬರೆಯುವ ಪತ್ರಿಕೆಯವರೂ ಹಾಗೇ ನಂಬಿದ್ದಾರೆ. ಈ ನಂಬಿಕೆ ತಪ್ಪು. ಶತಮಾನಗಳ ಮಳೆ ಬಿಸಿಲು ಅಳಿಸಲಾಗದ್ದನ್ನು ಈ ನಂಬಿಕೆ ಒಂದು ಬೇಸಿಗೆಯಲ್ಲಿ ಅಳಿಸಿಬಿಡುತ್ತದೆ. ಸಂರಕ್ಷಣೆ ಎಂಬುದು ಕೈ ತಡೆದು ಮಾಡುವ ಕೆಲಸ, ಕಲಿತು ಮಾಡುವ ಕೆಲಸ. ಹೊಸತು ಮಾಡುವುದು ಅದಕ್ಕೆ ನೇರ ವಿರುದ್ಧವಾದ ಕೆಲಸ.

ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತಿಳಿಸುವ ಜಾಗ ನಮ್ಮ ಸೀಮೆಯಲ್ಲೇ ಇದೆ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಸೀಬಿ ನರಸಿಂಹಸ್ವಾಮಿಯ ಗುಡಿ ಸಿಗುತ್ತದೆ. ಟಿಪ್ಪುವಿನ ಆಡಳಿತದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು ಲಕ್ಷ್ಮೀನರಸಪ್ಪ, ಪುಟ್ಟಣ್ಣ ಮತ್ತು ನಲ್ಲಪ್ಪ ಈ ಗುಡಿಯನ್ನು ಕಟ್ಟಿಸಿದರು. ಈ ನಲ್ಲಪ್ಪನೇ ಹೈದರ್ ಅಲಿಯ ಚರಿತ್ರೆ ಹೇಳುವ ಹೈದರ್‌ನಾಮೆಯ ಕರ್ತೃ ಎಂದು ಹೆಸರಾದವನು. ಗುಡಿಯ ಮುಖಮಂಟಪದ ಚಾವಣಿಯ ತುಂಬ ಚಿತ್ರಗಳಿವೆ. ಸಾಲುಸಾಲಾಗಿ ರಾಮಾಯಣ, ಕೃಷ್ಣಕಥೆ, ನರಸಿಂಹಾವತಾರ. ಅವುಗಳ ನಡುವೆ ದರ್ಬಾರುಗಳು: ಹೈದರ್, ಟಿಪ್ಪು, ಮುಮ್ಮಡಿ ಕೃಷ್ಣರಾಜ ಒಡೆಯರು, ಜೊತೆಗೆ ಗುಡಿ ಕಟ್ಟಿಸಿದ ಮನೆಯವರು. ಒಂದು ರಾಜ್ಯ ಕೈ ಬದಲಾಯಿಸಿದ ಕಾಲದಲ್ಲಿ ಅದನ್ನು ಒಳಗಿನಿಂದ ನೋಡಿದ ಅಧಿಕಾರಿ ಮನೆತನವೊಂದು ತನ್ನ ಕಾಲವನ್ನು ದೇವರ ಮಂಟಪದ ಮೇಲೆ ಬರೆಸಿಟ್ಟ ದಾಖಲೆ ಇದು. ಉಡುಗೆ, ಪೇಟ, ಆಯುಧ, ಯಾರು ಎಲ್ಲಿ ಕೂತರು, ಯಾರು ನಿಂತರು ಎಂಬುದೆಲ್ಲ ಅಲ್ಲಿದೆ.

ಇಂಥ ಚಾವಣಿಯ ಚಿತ್ರ ಹೇಗೆ ಸಾಯುತ್ತದೆ ಎಂಬುದನ್ನು ನೋಡಿ. ಕಲ್ಲು ಚಪ್ಪಡಿಯ ಅಡಿಗೆ ಸುಣ್ಣದ ಗಾರೆ ಬಳಿದು, ಅದನ್ನು ನುಣ್ಣಗೆ ತಿಕ್ಕಿ, ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣದಿಂದ ಚಿತ್ರ ಬರೆಯುವುದು ಹಳೆಯ ಕ್ರಮ. ಮೇಲಿನ ಮಾಳಿಗೆ ಸೋರಿದರೆ ನೀರು ಗಾರೆಯೊಳಗಿನ ಲವಣವನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ನೀರು ಆರುತ್ತದೆ, ಲವಣ ಹರಳುಗಟ್ಟುತ್ತದೆ, ಬಣ್ಣದ ಪದರವನ್ನು ಒಳಗಿನಿಂದ ಎಬ್ಬಿಸುತ್ತದೆ. ಕೆಳಗಿನಿಂದ ದೀಪದ ಎಣ್ಣೆಹೊಗೆ, ಕರ್ಪೂರದ ಮಸಿ ಏರಿ ಚಿತ್ರದ ಮೇಲೆ ಕೂರುತ್ತದೆ. ಭಕ್ತರ ಕೈ ಎಟುಕುವಷ್ಟರಲ್ಲಿ ಹೆಸರು ಗೀಚುವವರಿದ್ದಾರೆ. ಇಷ್ಟಾದ ಮೇಲೆ ಒಬ್ಬ ಒಳ್ಳೆಯ ಮನಸ್ಸಿನವರು ಬಂದು, "ಪಾಪ, ಮಂಕಾಗಿದೆ" ಎಂದು ಸೋಪಿನ ನೀರು ಹಾಕಿ ಒರೆಸುತ್ತಾರೆ. ಅಂಟಿನಲ್ಲಿ ಕೂಡಿಸಿದ ಬಣ್ಣ ನೀರಿಗೆ ಎದ್ದು ಬರುತ್ತದೆ. ಇನ್ನೊಬ್ಬರು ಪೇಂಟರ್ ಕರೆಸಿ ಹೊಸದಾಗಿ ಬರೆಸುತ್ತಾರೆ. ಮೊದಲನೆಯವರು ಅರ್ಧ ಕೊಂದದ್ದನ್ನು ಎರಡನೆಯವರು ಪೂರ್ತಿ ಮುಗಿಸುತ್ತಾರೆ.

ಕಲಿತ ಸಂರಕ್ಷಕರು ಮಾಡುವ ಕೆಲಸ ಬೇರೆ. ಅವರು ಮೊದಲು ಚಿತ್ರವನ್ನು ಮುಟ್ಟುವುದೇ ಇಲ್ಲ, ಮಾಳಿಗೆ ಹತ್ತುತ್ತಾರೆ. ಎಲ್ಲಿ ಸೋರುತ್ತಿದೆ ಎಂದು ನೋಡಿ ಮೊದಲು ನೀರು ನಿಲ್ಲಿಸುತ್ತಾರೆ. ಆಮೇಲೆ ಪ್ರತಿ ಅಂಗುಲದ ಫೋಟೋ ತೆಗೆದು, ಎಲ್ಲಿ ಬಿರುಕು, ಎಲ್ಲಿ ಟೊಳ್ಳು ಎಂದು ನಕ್ಷೆ ಬರೆಯುತ್ತಾರೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಗಾರೆ ಎಲ್ಲಿ ಕಲ್ಲನ್ನು ಬಿಟ್ಟಿದೆ ಎಂಬುದು ಸದ್ದಿನಲ್ಲೇ ಗೊತ್ತಾಗುತ್ತದೆ. ಟೊಳ್ಳಿನೊಳಕ್ಕೆ ಸಿರಿಂಜಿನಿಂದ ಸುಣ್ಣದ ತಿಳಿ ಇಳಿಸಿ ಗಾರೆಯನ್ನು ಮತ್ತೆ ಹಿಡಿಸುತ್ತಾರೆ. ಉದುರುವ ಬಣ್ಣದ ಮೇಲೆ ತೆಳುಕಾಗದ ಅಂಟಿಸಿ ಕಾಯುತ್ತಾರೆ. ಮಸಿ ತೆಗೆಯುವ ದ್ರಾವಣವನ್ನು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಹೆಬ್ಬೆರಳಿನಗಲ ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಹತ್ತಿಯ ತುದಿಯಿಂದ ಮುಂದುವರಿಯುತ್ತಾರೆ. ಬಣ್ಣ ಪೂರ್ತಿ ಹೋದ ಜಾಗಕ್ಕೆ ಹೊಸ ಮುಖ ಬರೆಯುವುದಿಲ್ಲ, ಕಣ್ಣಿಗೆ ಚುಚ್ಚದ ಒಂದು ತಿಳಿಬಣ್ಣ ತುಂಬಿ ಬಿಡುತ್ತಾರೆ. ಎಲ್ಲಿ ಹಳೆಯ ಚಿತ್ರಕಾರನ ಕೈ ನಿಂತಿತು, ಎಲ್ಲಿ ನಮ್ಮ ಕೈ ಸುರುವಾಯಿತು ಎಂಬುದು ಹತ್ತಿರ ನಿಂತು ನೋಡುವವರಿಗೆ ಕಾಣಲೇಬೇಕು. ಹಾಕಿದ್ದನ್ನು ಮುಂದೊಂದು ದಿನ ತೆಗೆಯುವಂತೆಯೂ ಇರಬೇಕು.

ಕೊನೆಯ ಈ ಷರತ್ತು ಪಂಡಿತರ ಅತಿಯಲ್ಲ, ಪೆಟ್ಟು ತಿಂದು ಕಲಿತ ಪಾಠ. 1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮರ ಸರ್ಕಾರ ಅಜಂತೆಯ ಚಿತ್ರಗಳನ್ನು ಉಳಿಸಲು ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿತು. ಉದುರುತ್ತಿದ್ದ ಎಷ್ಟೋ ಚಿತ್ರಗಳನ್ನು ಅವರು ಗೋಡೆಗೆ ಹಿಡಿಸಿದರು. ಆದರೆ ಹೊಳಪಿಗೆಂದು ಬಳಿದ ಅರಗಿನ ವಾರ್ನಿಷ್ ಕಾಲಕ್ರಮದಲ್ಲಿ ಕಂದಿ ಚಿತ್ರಗಳನ್ನೇ ಮಂಕಾಗಿಸಿತು. ಅದನ್ನು ತೆಗೆಯುವ ಕೆಲಸ ಮುಂದಿನ ತಲೆಮಾರುಗಳ ಪಾಲಿಗೆ ಬಂತು. ಲೋಕದ ಅತ್ಯುತ್ತಮ ಕೈಗಳೇ ಹೀಗೆ ಎಡವಬಹುದಾದರೆ, ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಗೋಡೆಗೆ ಬಣ್ಣ ಬಳಿದು ಮಧ್ಯಾಹ್ನ ಗರ್ಭಗುಡಿಗೆ ಬರುವ ಗುಂಪಿಗೆ ನಾವು ನಮ್ಮ ದೇವರ ಮಂಟಪ ಒಪ್ಪಿಸುವುದು ಯಾವ ಧೈರ್ಯದ ಮೇಲೆ?

"ಚಿತ್ರ ಸೂಕ್ಷ್ಮ, ಒಪ್ಪೋಣ. ಕಲ್ಲಿಗೇನಾಗುತ್ತೆ ಬಿಡಿ" ಎನ್ನುವವರು ಬಹಳ. ಕಲ್ಲಿಗೂ ಆಗುತ್ತದೆ. ಶಾಸನದ ಅಕ್ಷರ, ವೀರಗಲ್ಲಿನ ಮುಖ, ಸತಿಯ ಕೈಬಳೆ, ಹೋರಾಟಗಾರನ ಬಾಣ ಎಲ್ಲವೂ ಇರುವುದು ಕಲ್ಲಿನ ಮೇಲ್ಪದರದಲ್ಲಿ. ತಂತಿ ಬ್ರಷ್ ಹಾಕಿ ಉಜ್ಜಿದರೆ, ಆಸಿಡ್ ಸುರಿದರೆ, ಮರಳು ಚಿಮ್ಮುವ ಯಂತ್ರದಿಂದ ಹೊಡೆದರೆ ಹೋಗುವುದು ಆ ಪದರವೇ. ಉಳಿಯುವ ಬಂಡೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದು ಮಾತಾಡುವುದಿಲ್ಲ. ಎನಾಮಲ್ ಬಳಿದರೆ ಅಕ್ಷರದ ತೋಡು ಮುಚ್ಚುತ್ತದೆ. ಮುಂದಿನ ವರ್ಷದ ಜಾತ್ರೆಗೆ ಇನ್ನೊಂದು ಪದರ, ಅದರ ಮುಂದಿನ ವರ್ಷ ಮತ್ತೊಂದು. ಕೊನೆಗೆ ಓದಲು ಬಂದವರಿಗೆ ಗುಲಾಬಿ ಬಣ್ಣದ ಒಂದು ಉಬ್ಬುತಗ್ಗು ಮಾತ್ರ ಸಿಗುತ್ತದೆ.

1904ರಲ್ಲಿ ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಕದ 12ನೇ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಶಿರಾ, ಮಧುಗಿರಿ, ಪಾವಗಡದ ಕಲ್ಲುಗಳು ಅದರಲ್ಲಿ ಸಾಲುಸಾಲಾಗಿವೆ. ಇದನ್ನೇ ನೆಪ ಮಾಡಿಕೊಂಡು, "ಪುಸ್ತಕದಲ್ಲಿ ಇದೆಯಲ್ಲ, ಇನ್ನು ಕಲ್ಲು ಹೋದರೇನು" ಎಂದು ಓದಿದವರೇ ಹೇಳುವುದುಂಟು. ಅಜ್ಜನ ಕಾಲದ ಕ್ರಯಪತ್ರ ಹಳದಿಯಾಯಿತೆಂದು ಅದನ್ನು ಹೊಸ ಹಾಳೆಯಲ್ಲಿ ನಕಲು ಮಾಡಿಕೊಂಡು ಮೂಲವನ್ನು ಒಲೆಗೆ ಹಾಕುವ ರೈತ ನಮ್ಮಲ್ಲಿ ಒಬ್ಬನೂ ಇಲ್ಲ. ದಾನಶಾಸನ ಎಂಬುದು ಊರಿನ ಕ್ರಯಪತ್ರವೇ. ಯಾವ ಕೆರೆಯ ಕೆಳಗಿನ ಯಾವ ಗದ್ದೆ ಯಾರಿಗೆ ಹೋಯಿತು, ಎಲ್ಲೆ ಎಲ್ಲಿ, ಸಾಕ್ಷಿ ಯಾರು ಎಂಬುದನ್ನು ಅದು ಹೇಳುತ್ತದೆ. ನೂರಿಪ್ಪತ್ತು ವರ್ಷದ ಹಿಂದಿನ ಓದಿನಲ್ಲಿ ತಪ್ಪಿದ್ದರೆ ತಿದ್ದಲು ಕಲ್ಲೇ ಬೇಕು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡಿದ್ದಾರೆ. ಬರಿಗಣ್ಣಿಗೆ ಸಿಗದ ಅಕ್ಷರಗಳು ಅದರಲ್ಲಿ ಕಾಣುತ್ತವೆ. ತಂತ್ರ ಎಷ್ಟು ಮುಂದುವರಿದರೂ ಅದಕ್ಕೆ ಮೇಲ್ಪದರ ಉಳಿದ ಕಲ್ಲು ಬೇಕು. ಉಜ್ಜಿದ ಕಲ್ಲಿನಿಂದ ಯಾವ ಯಂತ್ರವೂ ಅಕ್ಷರ ಹೊರಡಿಸಲಾರದು.

ಇನ್ನು ಸಿಮೆಂಟಿನ ಮಾತು. ಗಟ್ಟಿಯಾದದ್ದು ಒಳ್ಳೆಯದು ಎಂಬ ತರ್ಕದ ಮೇಲೆ ಸಿಮೆಂಟು ನಮ್ಮ ಎಲ್ಲ ಹಳೆಯ ಕಟ್ಟಡಗಳನ್ನು ಹೊಕ್ಕಿದೆ. ಹಳೆಯ ಮಾಳಿಗೆ, ಕೋಟೆಯ ಕೈಪಿಡಿ ಗೋಡೆ, ಇಟ್ಟಿಗೆ ಗೋಪುರ, ಮಸೀದಿಯ ಮಿನಾರು ಎಲ್ಲ ಸುಣ್ಣದ ಗಾರೆಯಿಂದ ಆದವು. ಸುಣ್ಣ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಹದ ಮಾಡಿದ ಗಾರೆ ತೇವವನ್ನು ಒಳಗೆ ಬಿಟ್ಟುಕೊಂಡು ಹೊರಗೂ ಬಿಡುತ್ತದೆ. ಬಿಸಿಲಿಗೆ ಕಟ್ಟಡ ಹಿಗ್ಗಿ ಇರುಳಿಗೆ ಕುಗ್ಗಿದರೆ ತಾನೂ ಚೂರು ಬಾಗುತ್ತದೆ. ಸಿಮೆಂಟಿಗೆ ಈ ಗುಣವಿಲ್ಲ. ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ, ಅದರ ಲವಣ ಪಕ್ಕದ ಇಟ್ಟಿಗೆ ಮತ್ತು ಗಾರೆಯನ್ನು ತಿನ್ನುತ್ತದೆ, ಕೆಲವೇ ವರ್ಷಗಳಲ್ಲಿ ಹಳೆಯ ಮೈಯನ್ನು ಕಿತ್ತುಕೊಂಡು ಹಕ್ಕಳೆಹಕ್ಕಳೆಯಾಗಿ ಬೀಳುತ್ತದೆ. ಒಳಗಿಟ್ಟ ಕಬ್ಬಿಣದ ಸರಳು ತುಕ್ಕು ಹಿಡಿದು ಊದಿಕೊಂಡು ಕಲ್ಲನ್ನೇ ಸೀಳುತ್ತದೆ. ಸೋರುವ ಮಾಳಿಗೆಯ ಮೇಲೆ ಸುರಿದ ಕಾಂಕ್ರೀಟು ಹಳೆಯ ತೊಲೆಗಳ ಮೇಲೆ ಹೊಸ ಭಾರ ಹೇರುತ್ತದೆ. ಸೋರಿಕೆ ಮಾತ್ರ ನಿಲ್ಲುವುದಿಲ್ಲ, ದಾರಿ ಬದಲಿಸುತ್ತದೆ. ಶತಮಾನಗಳ ಕಾಲ ನಿಂತ ಮಾಳಿಗೆ ಹತ್ತಿಪ್ಪತ್ತು ವರ್ಷದ ರಿಪೇರಿಗೆ ಕುಸಿಯುವುದು ಹೀಗೆ.

ಈ ಟೀಕೆಗೆ ಸಿಗುವ ಮೊದಲ ಉತ್ತರ ಭಕ್ತಿಯದು. "ನಮಗೆ ಇದು ಮ್ಯೂಸಿಯಂ ಅಲ್ಲ, ಪೂಜೆ ನಡೆಯುವ ಜಾಗ. ಜೀರ್ಣೋದ್ಧಾರ ಶಾಸ್ತ್ರದಲ್ಲೇ ಹೇಳಿದೆ." ಈ ಮಾತಿಗೆ ಗೌರವ ಕೊಟ್ಟು ಶಾಸ್ತ್ರವನ್ನೇ ತೆಗೆದು ನೋಡೋಣ. ವಾಸ್ತುಗ್ರಂಥಗಳಲ್ಲಿ ಪ್ರಮಾಣವೆಂದು ಎಲ್ಲ ಸ್ಥಪತಿಗಳೂ ಒಪ್ಪುವ ಮಯಮತದಲ್ಲಿ ಈ ಕೆಲಸಕ್ಕೆಂದೇ ಒಂದು ಅಧ್ಯಾಯವಿದೆ. ಅದರ ಸಾರ ಹೀಗಿದೆ: ಗುಡಿಯ ಲಕ್ಷಣಗಳು ಇನ್ನೂ ಕಾಣುತ್ತಿದ್ದರೆ ಅದರದೇ ದ್ರವ್ಯದಿಂದ ಸರಿಪಡಿಸಬೇಕು. ಅದರದೇ ಎತ್ತರ, ಅದರದೇ ಅಗಲ ಇರಬೇಕು. ಮೊದಲು ಇಲ್ಲದ್ದನ್ನು ಸೇರಿಸಬಾರದು. ಮೊದಲಿನ ರೂಪಕ್ಕೆ ಹೊಂದಿಕೊಂಡೇ, ಬಲ್ಲವರನ್ನು ಕೇಳಿಕೊಂಡೇ ಮಾಡಬೇಕು. ಇಂದಿನ ಪುರಾತತ್ವ ತಜ್ಞರು ಹೇಳುವುದಕ್ಕೂ ಇದಕ್ಕೂ ತಿರುಳಿನಲ್ಲಿ ವ್ಯತ್ಯಾಸವಿಲ್ಲ. ಟೈಲ್ಸ್ ಅದರದೇ ದ್ರವ್ಯವಲ್ಲ. ಶೀಟಿನ ಚಪ್ಪರ ಮೊದಲು ಇದ್ದದ್ದಲ್ಲ. ಟೆಂಡರಿನಲ್ಲಿ ಕಡಿಮೆ ದರ ಬರೆದವರು ಬಲ್ಲವರಲ್ಲ. ಶಾಸ್ತ್ರದ ಹೆಸರು ಹೇಳಿ ಮಾಡುತ್ತಿರುವುದು ಶಾಸ್ತ್ರವೇ ನಿಷೇಧಿಸಿದ ಕೆಲಸ.

ಎರಡನೆಯ ಉತ್ತರ ಇನ್ನೂ ಜಾಣತನದ್ದು. "ಹಳೆಯ ವಸ್ತುವನ್ನೇ ಕಾಪಾಡಬೇಕೆಂಬುದು ಯುರೋಪಿನ ಹಟ. ನಮ್ಮ ಪೂರ್ವದ ದೇಶಗಳಲ್ಲಿ ಹೊಸದು ಮಾಡುತ್ತಲೇ ಪರಂಪರೆ ನಡೆಯುತ್ತದೆ. ಜಪಾನಿನ ಇಸೆ ದೇವಾಲಯ ನೋಡಿ." ನೋಡೋಣ. ಇಸೆ ದೇವಾಲಯವನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ಕಟ್ಟಿದ್ದು 62ನೆಯದು. ಆದರೆ ಅದೇ ಜಾತಿಯ ಮರ, ಅದೇ ಅಳತೆ, ಅದೇ ಉಳಿ, ಅದೇ ಜೋಡಣೆ. ಅಲ್ಲಿ ಉಳಿಯುವುದು ಬಡಗಿಯ ಕೈ, ತಲೆಮಾರಿನಿಂದ ತಲೆಮಾರಿಗೆ. 1994ರಲ್ಲಿ ಅದೇ ಜಪಾನಿನ ನಾರಾದಲ್ಲಿ ಸೇರಿದ ತಜ್ಞರು ದ್ರವ್ಯ ಮಾತ್ರವಲ್ಲ, ಕಸುಬು ಮತ್ತು ಬಳಕೆಯೂ ನೈಜತೆಯ ಭಾಗ ಎಂದು ಒಪ್ಪಿದ್ದು ಇಂಥ ಸಂಪ್ರದಾಯಗಳನ್ನು ಕಂಡೇ.

ಅಂಥ ಸಂಪ್ರದಾಯ ನಮ್ಮಲ್ಲೂ ಇದೆ, ಅದಕ್ಕೆ ನಾನು ತಲೆಬಾಗುತ್ತೇನೆ. ನೆರೆಯ ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ತಮ್ಮ ದೇವರು ಕ್ಯಾತಪ್ಪನ ಜಾತ್ರೆಗೆ ಬಾರೆಮುಳ್ಳಿನಿಂದ ಗುಡಿ ಕಟ್ಟುತ್ತಾರೆ. ಮುಂದಿನ ಜಾತ್ರೆಗೆ ಮತ್ತೆ ಕಟ್ಟುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ದೈವ ಜುಂಜಪ್ಪನ ಕಾವ್ಯವನ್ನು ಹಾಡುವವರು ಉದ್ದನೆಯ ಬಿದಿರ ಗಣೆ ಊದುತ್ತಾರೆ. ಬಿದಿರು ಸೀಳಿದರೆ ಹೊಸ ಗಣೆ ಆಗುತ್ತದೆ, ನಾದ ಹಳೆಯದೇ ಇರುತ್ತದೆ. ನಮ್ಮ ಹಳ್ಳಿಗಳ ಸೋಮನ ಕುಣಿತದ ಮುಖಗಳಿಗೆ ಹಬ್ಬಕ್ಕೆ ಬಣ್ಣ ಹಾಕುವುದು ಪದ್ಧತಿ. ಇವೆಲ್ಲ ಹೊಸದಾಗುವುದರಿಂದಲೇ ಬಾಳುವಂಥವು. ಇವನ್ನು ಗಾಜಿನ ಪೆಟ್ಟಿಗೆಯಲ್ಲಿಡಿ ಎಂದು ಯಾರೂ ಕೇಳುತ್ತಿಲ್ಲ. ಇಲ್ಲೂ ನಮ್ಮ ಹೊಸತನದ ಹುಚ್ಚು ಮಾಡುತ್ತಿರುವುದೇನು? ಹುಲ್ಲಿನ ಗುಡಿಗೆ ಹುಲ್ಲು ಹೊದಿಸುವುದನ್ನು ಬಿಟ್ಟು ಕಾಂಕ್ರೀಟು ಹಾಕಿಸುತ್ತಿದೆ. ಮರು ಹೊದಿಕೆ ನಿಂತ ದಿನ ಹೊದಿಸುವ ಕೈಯೂ ಹೋಯಿತು, ಹೊದಿಸುವ ದಿನದ ಹಾಡೂ ಹೋಯಿತು. ಇಸೆಯಲ್ಲಿ ವಸ್ತು ಹೋಗಿ ಕಸುಬು ಉಳಿಯುತ್ತದೆ. ಅಜಂತೆಯಲ್ಲಿ ಕಸುಬು ಹೋಗಿ ವಸ್ತು ಉಳಿದಿದೆ. ನಮ್ಮ ಊರುಗಳ ಜೀರ್ಣೋದ್ಧಾರದಲ್ಲಿ ಎರಡೂ ಹೋಗುತ್ತವೆ.

ಹೋದ ಮೇಲೆ ಏನಾಗುತ್ತದೆ ಎಂಬುದಕ್ಕೆ ಶಿರಾ ಪಟ್ಟಣವೇ ಸಾಕ್ಷಿ. 1687ರಿಂದ ಅದು ಮೊಗಲರ ಸುಬಾದ ಕೇಂದ್ರವಾಗಿತ್ತು. ಅಲ್ಲಿ ಸುಬೇದಾರ ದಿಲಾವರ್ ಖಾನ್ ಕಟ್ಟಿಸಿದ ಅರಮನೆ ಎಷ್ಟು ಸೊಗಸಾಗಿತ್ತೆಂದರೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಾಯಿತು ಎನ್ನುತ್ತದೆ ಇತಿಹಾಸ. ಶಿರಾದ ಮೊಗಲ್ ತೋಟವನ್ನು ಕಂಡೇ ಹೈದರ್ ಲಾಲ್‌ಬಾಗಿನ ಕಲ್ಪನೆ ಮಾಡಿದ ಎಂಬುದೂ ದಾಖಲಾಗಿದೆ. ಇಂದು ಆ ಅರಮನೆಯಿಲ್ಲ. ಅದನ್ನು ಊಹಿಸಿಕೊಳ್ಳಲು ನಾವು ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಅಲ್ಲಿನ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನ ಯುದ್ಧಚಿತ್ರವೂ 19ನೇ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬಳಿಸಿದ್ದು. ಅಂದರೆ ಇಂದು ನಾವು ಟಿಪ್ಪುವಿನ ಚಿತ್ರಕಾರನ ಕೈಯನ್ನೂ ಪೂರ್ತಿಯಾಗಿ ನೋಡುತ್ತಿಲ್ಲ. ಮೂಲ ಅಳಿಯಿತು, ಮಾದರಿಯ ಮೇಲೂ ಇನ್ನೊಬ್ಬರ ಕೈ ಆಡಿತು. ಶಿರಾದಲ್ಲಿ ಉಳಿದ 1651ರ ಮಲಿಕ್ ರೆಹಾನ್ ಸಮಾಧಿ, 1696ರ ಜುಮ್ಮಾ ಮಸೀದಿ ಕಲ್ಲಿನವಾದ್ದರಿಂದ, ಕಾನೂನಿನ ಆಶ್ರಯ ಸಿಕ್ಕಿದ್ದರಿಂದ ನಿಂತಿವೆ. ಆ ಆಶ್ರಯವಿಲ್ಲದ ದರ್ಗಾಗಳಿಗೂ ಹಸಿರು ಎನಾಮಲ್, ಟೈಲ್ಸ್, ಸ್ಟೀಲ್ ಗ್ರಿಲ್ ಬಂದಿವೆ. ಈ ವಿಷಯದಲ್ಲಿ ಮತಭೇದವಿಲ್ಲ. ಎಲ್ಲ ಮತದವರೂ ಒಂದೇ ತಪ್ಪು ಮಾಡುತ್ತಿದ್ದಾರೆ.

"ಹಾಗಾದರೆ ಸರ್ಕಾರದ ಇಲಾಖೆ ಕಾಪಾಡಿದ್ದು ಎಷ್ಟು ಚೆನ್ನಾಗಿದೆ?" ಎಂಬ ಮೂರನೆಯ ಉತ್ತರದಲ್ಲಿ ನ್ಯಾಯವಿದೆ. 1958ರ ಕೇಂದ್ರ ಕಾನೂನು, 1961ರ ರಾಜ್ಯ ಕಾನೂನು ಇವೆ. 2010ರ ತಿದ್ದುಪಡಿಯಂತೆ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ಊರಿನವರಿಗೆ ಇಲಾಖೆ ಎಂದರೆ ಒಂದು ನೀಲಿ ಬೋರ್ಡು, ಒಂದು ಬೀಗ, ಒಂದು ನೋಟಿಸು. ಮನೆ ಕಟ್ಟಲು ಅನುಮತಿ ಕೇಳಿದಾಗ ಕಾಣಿಸಿಕೊಳ್ಳುವ ಇಲಾಖೆ ಮಾಳಿಗೆ ಸೋರಿದಾಗ ಕಾಣಿಸುವುದಿಲ್ಲ ಎಂಬ ಸಿಟ್ಟು ಸುಳ್ಳಲ್ಲ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ರಾಜ ಹಿರೇಗೌಡರ ವಂಶದವರು ಕಟ್ಟಿ, ಹೈದರ್ ಕಲ್ಲಿನಲ್ಲಿ ಬಲಪಡಿಸಿದ. ಅದರ ಬಾಗಿಲುಗಳು, ಬೆಟ್ಟದ ಮೈಯಲ್ಲಿ ನೀರು ಹಿಡಿದ ದೊಣೆಗಳು, ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ ಎಲ್ಲ ಗಾರೆಗೆ ಬಾಯಿಬಿಟ್ಟು ನಿಂತಿವೆ. ಆದರೆ ಬೆಟ್ಟದ ವಿಷಯ ಬಂದಾಗಲೆಲ್ಲ ವರ್ಷಗಳಿಂದ ಕೇಳಿಬರುವುದು ರೋಪ್‌ವೇ ಮಾತು. ಜನರನ್ನು ಮೇಲೆ ಕಳಿಸುವ ಯೋಜನೆ ಇದೆ, ಮೇಲಿರುವುದನ್ನು ಉಳಿಸುವ ಯೋಜನೆ ಯಾರ ಬಾಯಲ್ಲೂ ಇಲ್ಲ.

ಇಲಾಖೆ ಸೋತಿದೆ ಎಂಬುದು ಸಿಮೆಂಟಿಗೆ ಪರವಾನಗಿಯಾಗುವುದಿಲ್ಲ. ಜೊತೆಗೆ ಇನ್ನೊಂದು ಸತ್ಯ ನೋಡಬೇಕು. ಈ ನಾಲ್ಕು ತಾಲ್ಲೂಕುಗಳಲ್ಲಿ ರಕ್ಷಿತವೆಂದು ಘೋಷಿಸಿದ ಸ್ಮಾರಕಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಊರಿನ ಕೈಯಲ್ಲಿದೆ, ಇಲ್ಲವೇ ಯಾರ ಕೈಯಲ್ಲೂ ಇಲ್ಲ. ಪಾವಗಡ ತಾಲ್ಲೂಕಿನ ನಿಡುಗಲ್ಲು ಒಂದು ಕಾಲಕ್ಕೆ ಚೋಳ ಮನೆತನವೊಂದರ ರಾಜಧಾನಿ. 13ನೇ ಶತಮಾನದಲ್ಲಿ ಇರುಂಗೋಳನಂಥ ಅರಸರು ಆಳಿದ ಬೆಟ್ಟ. ಅಲ್ಲಿ ಶಿವಾಲಯಗಳಿವೆ, ಪಾರ್ಶ್ವನಾಥ ಬಸದಿಯಿದೆ, ಶಾಸನಗಳಿವೆ. ಗಡಿಯಾಚೆ ಸ್ವಲ್ಪ ದೂರದಲ್ಲೇ ನೊಳಂಬರ ಹೆಂಜೇರು, ಇಂದಿನ ಹೇಮಾವತಿ, ಆಂಧ್ರದ ಪಾಲಾದ ಕನ್ನಡ ಸೀಮೆ. ಕೊರಟಗೆರೆಯ ಚನ್ನರಾಯನದುರ್ಗ, ಮಧುಗಿರಿಯ ಮಿಡಿಗೇಶಿ ಕೂಡ ಇಂಥ ಬೆಟ್ಟಗಳೇ. ಇಂಥ ಕಡೆ ನಿಧಿಯ ಆಸೆಗೆ ಲಿಂಗದ ಬುಡ ಅಗೆಯುವವರಿದ್ದಾರೆ. ಅವರನ್ನು ನಾವು ಕಳ್ಳರೆಂದು ಬಯ್ಯುತ್ತೇವೆ, ಬಯ್ಯಲೇಬೇಕು. ಕೆಳಗಿನ ಊರಿನಲ್ಲಿ ಅಷ್ಟೇ ಹಳೆಯ ಗುಡಿಯನ್ನು ಜೆಸಿಬಿ ತಂದು ಕೆಡವಿ, ಮೂಲ ಕಂಬಗಳನ್ನು ತಿಪ್ಪೆಗೆ ಸರಿಸಿ, ಮೇಲೆ ಆರ್‌ಸಿಸಿ ಎಬ್ಬಿಸುವವರಿಗೆ ಮಾತ್ರ ಹಾರ ಹಾಕುತ್ತೇವೆ. ಕಲ್ಲಿನ ಪಾಲಿಗೆ ಇಬ್ಬರಲ್ಲೂ ವ್ಯತ್ಯಾಸವಿಲ್ಲ.

ಕೊನೆಗೆ ದುಡ್ಡಿಲ್ಲ ಎಂಬ ಮಾತು ಬರುತ್ತದೆ. ಇದು ನಿಜವಲ್ಲ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರವಿದ್ಯುತ್ ಪಾರ್ಕ್ ನಡೆಯುತ್ತಿದೆ. ಬರದ ಸೀಮೆಗೆ ಬಂಡವಾಳ ಬಂದಿದೆ. ಗುಡಿಗಳಿಗೆ ಶಾಸಕರ ನಿಧಿಯಿಂದ ಬರುತ್ತದೆ, ಮುಜರಾಯಿಯಿಂದ ಬರುತ್ತದೆ, ಬೆಂಗಳೂರು ಸೇರಿದ ಊರಿನ ಮಕ್ಕಳಿಂದ ಬರುತ್ತದೆ. ಟೈಲ್ಸಿಗೆ, ಕಮಾನಿಗೆ, ಶೀಟಿಗೆ ಖರ್ಚಾಗುವುದು ದುಡ್ಡೇ. ಅದೇ ದುಡ್ಡಿನಲ್ಲಿ ಮಾಳಿಗೆಯ ನೀರು ನಿಲ್ಲಿಸಬಹುದು, ಗಾರೆ ಹಾಕಿಸಬಹುದು, ಕಲ್ಲಿನ ಮೇಲಿನ ಬಣ್ಣವನ್ನು ಬಲ್ಲವರಿಂದ ತೆಗೆಸಬಹುದು. ಇಲ್ಲದಿರುವುದು ಕೈ. ಗಾರೆಯ ಹದ ಬಲ್ಲ ಮೇಸ್ತ್ರಿಗಳು ಮುದುಕರಾಗಿದ್ದಾರೆ. ಕಲ್ಲುಕುಟಿಗರ ಮಕ್ಕಳು ಗ್ರಾನೈಟ್ ಫ್ಯಾಕ್ಟರಿಯ ಪಾಲಿಶ್ ಯಂತ್ರಕ್ಕೆ ಹೋಗಿದ್ದಾರೆ. ಹೊಸದು ಮಾಡಿದವರಿಗೆ ಕೂಲಿ, ಹಳೆಯದನ್ನು ಕಾಪಾಡುವವರಿಗೆ ಕೆಲಸವೇ ಇಲ್ಲ ಎಂಬ ವ್ಯವಸ್ಥೆಯನ್ನು ಕಟ್ಟಿ, ಆಮೇಲೆ ಕಾಪಾಡುವವರು ಸಿಗುವುದಿಲ್ಲ ಎಂದು ನಾವೇ ಗೊಣಗುತ್ತೇವೆ.

ಮಾಡಬೇಕಾದ್ದು ಕಷ್ಟದ್ದಲ್ಲ. ಯಾವ ಗುಡಿ, ದರ್ಗಾ, ಬಸದಿಗೆ ಸರ್ಕಾರದ ಒಂದು ರೂಪಾಯಿ ಹೋದರೂ ಮೊದಲು ಅಲ್ಲಿರುವ ಶಿಲ್ಪ, ಶಾಸನ, ಚಿತ್ರ, ಮರದ ರಥಗಳ ಪಟ್ಟಿಯಾಗಬೇಕು, ಫೋಟೋ ಆಗಬೇಕು. ಪುರಾತತ್ವ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ, 100 ವರ್ಷ ಮೀರಿದ ಯಾವ ಕಟ್ಟಡಕ್ಕೂ, ಅದು ರಕ್ಷಿತವಲ್ಲದಿದ್ದರೂ, ಸಿಮೆಂಟು, ಎನಾಮಲ್, ಗ್ರೈಂಡರ್ ಮುಟ್ಟಬಾರದು. ಈ ಕೆಲಸಗಳನ್ನು ಕಡಿಮೆ ದರದ ಟೆಂಡರಿನಿಂದ ಹೊರಗಿಡಬೇಕು. ಸಾಂಸ್ಕೃತಿಕ ವಸ್ತುಗಳ ರಕ್ಷಣೆಗೆಂದೇ ಮೈಸೂರಿನಲ್ಲಿ ಕೇಂದ್ರದ ಪ್ರಾದೇಶಿಕ ಪ್ರಯೋಗಾಲಯವಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ರಕ್ಷಣೆಯ ಸಂಸ್ಥೆ ಇನ್‌ಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಸೀಬಿಯಿಂದ ಬೆಂಗಳೂರು ಎರಡು ತಾಸಿನ ದಾರಿ. ತಜ್ಞರನ್ನು ಕರೆಸಲು ಒಂದು ಪತ್ರ ಸಾಕು. ಮಧುಗಿರಿಯಲ್ಲೇ ಗಾರೆ ಮತ್ತು ಕಲ್ಲಿನ ಕೆಲಸ ಕಲಿಸುವ ಒಂದು ಶಾಲೆ ತೆರೆದರೆ ನಾಲ್ಕು ತಾಲ್ಲೂಕಿನ ಕೋಟೆಗಳೇ ಅದರ ಪಾಠದ ಮನೆಯಾಗುತ್ತವೆ, ಹುಡುಗರಿಗೆ ಕೂಲಿಯೂ ಸಿಗುತ್ತದೆ.

ಕೆಲಸ ಸಾಧ್ಯವೆಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಸರ್ಕಾರದ ಪುರಾತತ್ವ ಇಲಾಖೆ ಮತ್ತು ಊರಿನವರ ಜೊತೆ ಸೇರಿ ಪಾಳುಬಿದ್ದ ಹಳೆಯ ಗುಡಿಗಳನ್ನು ಅವುಗಳದೇ ಕಲ್ಲುಗಳಿಂದ ಎತ್ತಿ ನಿಲ್ಲಿಸುತ್ತಾ ಬಂದಿದೆ. ಭಕ್ತಿಯೂ ಪುರಾತತ್ವವೂ ಶತ್ರುಗಳಲ್ಲ ಎಂಬುದನ್ನು ಆ ಕೆಲಸ ತೋರಿಸಿದೆ. ಭಕ್ತರು ದುಡ್ಡು ಕೊಟ್ಟರು, ಬಲ್ಲವರು ಕೈ ಹಾಕಿದರು, ಗುಡಿಯಲ್ಲಿ ಪೂಜೆಯೂ ನಡೆಯಿತು.

ಹಾಗಾಗಿ ನನ್ನ ಆಗ್ರಹ ಊರಿನ ಜೀರ್ಣೋದ್ಧಾರ ಸಮಿತಿಗಳಿಗೇ. ನಿಮ್ಮ ಭಕ್ತಿಯ ಬಗ್ಗೆ ನನಗೆ ಸಂಶಯವಿಲ್ಲ, ನೀವು ಹಿಡಿದ ದಾರಿಯ ಬಗ್ಗೆ ಇದೆ. ಮುಂದಿನ ಸಭೆಯಲ್ಲಿ ಎಸ್ಟಿಮೇಟ್ ಮೇಜಿನ ಮೇಲೆ ಬಂದಾಗ ಪ್ರತಿ ಸಾಲಿನ ಮುಂದೆ ಎರಡು ಪ್ರಶ್ನೆ ಹಾಕಿ. ಇದು ಮಾಡದಿದ್ದರೆ ಹಳೆಯದಕ್ಕೆ ಅಪಾಯವಿದೆಯೇ? ಮಾಡಿದ್ದು ತಪ್ಪಾದರೆ ಮುಂದಿನವರು ಅದನ್ನು ಬಿಡಿಸಿ ಹಳೆಯದನ್ನು ಮರಳಿ ಪಡೆಯಬಹುದೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಬಲ್ಲವರನ್ನು ಕರೆಸಿ ಮಾಡಿಸಿ. ಒಂದಕ್ಕೆ ಇಲ್ಲ ಎಂದು ಬಂದರೂ ಆ ಸಾಲನ್ನು ಹೊಡೆದುಹಾಕಿ. ಮಾಳಿಗೆ ಸೋರದಂತೆ ನೋಡಿಕೊಂಡು, ಬೇರೇನೂ ಮಾಡದೆ ಹಳೆಯದನ್ನು ಮಕ್ಕಳ ಕೈಗೆ ದಾಟಿಸಿದ ಸಮಿತಿ, ಕೋಟಿ ಖರ್ಚು ಮಾಡಿ ಹೊಸದು ಕಟ್ಟಿದ ಸಮಿತಿಗಿಂತ ದೊಡ್ಡ ಕೆಲಸ ಮಾಡಿದೆ.